ಟಕರ್‌ನ ಕೆಂಪು ಚೆಂಡು

ಕೊಲರಾಡೊ, ೯ ಮಾರ್ಚ್ ೨೦೧೪

ಮಾನ್ಯ ಶೆರಿಫ್ ಹ್ಯಾಲೊರನ್ ಅವರಿಗೆ,

ನಮ್ಮ ದಳದಿಂದ ನಿವೃತ್ತನಾದ ಮಾದಕವಸ್ತು ಪತ್ತೆ ನಾಯಿ ಟಕರ್ ನನ್ನ ಮನೆಯಲ್ಲಿ ಕ್ಷೇಮವಾಗಿದ್ದಾನೆ. ಗಾಂಜಾ ಈಗ ನಮ್ಮ ರಾಜ್ಯದಲ್ಲಿ ಕಾನೂನುಬದ್ಧವಾಗಿ ಅಂಗಡಿಯಲ್ಲೇ ಸಿಗುತ್ತದೆ, ಹುಡುಕಬೇಕಿಲ್ಲ ಎಂದು ಅವನಿಗೆ ತಿಳಿಸುವುದು ಮಾತ್ರ ನನ್ನಿಂದಾಗಿಲ್ಲ. ವಾಸನೆ ಬಂದಲ್ಲೆಲ್ಲ, ನಾವು ಕಲಿಸಿದಂತೆಯೇ ಕೂತು, ಬಹುಮಾನದ ಚೆಂಡಿಗಾಗಿ ನನ್ನ ಮುಖ ನೋಡುತ್ತಾನೆ. ಹೊಸ ಅಂಗಡಿಯ ಮುಂದೆ ಎಳೆದರೂ ಏಳುವುದಿಲ್ಲ. ಸಾಲಿನಲ್ಲಿ ನಿಂತವರು ನಗುತ್ತಾರೆ.

ಕಳೆದ ಭಾನುವಾರ ನಮ್ಮಮ್ಮನ ಕೈಚೀಲದೆದುರು ಕೂತುಬಿಟ್ಟ.

"ಮಂಡಿನೋವಿಗೆ ಕಣೇ! ರಸೀದಿ ತೋರಿಸ್ಲೇನೇ, ಪೊಲೀಸಮ್ಮ?" ಎಂದಳು ಅಮ್ಮ.

ಆರು ವರ್ಷ, ಅವನು ಯಾರೆದುರು ಕೂತರೂ ನಾನು ಬೇಡಿ ಹಾಕಿದ್ದೇನೆ. ಅಮ್ಮನಿಗೆ ಕಾಫಿ ಮಾಡಿಕೊಟ್ಟೆ.

ಅವನ ಕೆಂಪು ಚೆಂಡು ಕಚೇರಿಯ ನನ್ನ ಕಪಾಟಿನಲ್ಲೇ ಉಳಿದಿದೆ, ದಯವಿಟ್ಟು ಕಳಿಸಿಕೊಡಿ. ಟಕರ್ ಇವತ್ತಿನವರೆಗೂ ಒಮ್ಮೆಯೂ ತಪ್ಪಿಲ್ಲ. ಅದನ್ನು ಅವನಿಗೆ ಯಾರಾದರೂ ಹೇಳಬೇಕಲ್ಲ.

ಇಂತಿ ತಮ್ಮ ವಿಧೇಯಳು,
ಡೆಪ್ಯುಟಿ ಲೊರೆಟಾ ಟ್ರುಹೀಯೊ