ಒಂದು ಮನೆಗೆ ಒಂದೇ ಪುಸ್ತಕ

ಜನವರಿ 6, ಸೋಮವಾರ. ಬೆಳಿಗ್ಗೆ 6.45

ಕೆಮ್ಮು — ಎರಡು ಸಲ. ಕಫ ಇಲ್ಲ.

ಇದನ್ನು ಬರೆಯಬೇಕಂತೆ. ಮಣಿಪಾಲದ ಡಾಕ್ಟರಿಗೆ ಎದೆಗೆ ಕೊಳವೆ ಇಟ್ಟು ಕೇಳಿದ್ದು ಸಾಲದು. ಯಾವಾಗ ಕೆಮ್ಮಿದೆ, ಎಷ್ಟು ಸಲ ಕೆಮ್ಮಿದೆ — ನಾನೇ ಬರೆದು ತೋರಿಸಬೇಕು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಅರವತ್ತೆಂಟನೇ ವಯಸ್ಸಿನಲ್ಲಿ ಹೋಂವರ್ಕ್. ಶಾಲೆ ಬಿಡಿಸಿದ್ದು ಬೀಡಿ ಕಟ್ಟಲಿಕ್ಕೆ. ಕೆಮ್ಮು ಕೊಟ್ಟದ್ದೂ ಅದೇ ಬೀಡಿ. ಕೆಮ್ಮಿದ್ದನ್ನು ಬೇರೆ ಹಾಳೆಗೆ ಇಳಿಸಿ ಕೊಡುತ್ತೇನೆ. ಈ ಪುಸ್ತಕ ಯಾರಿಗೂ ಇಲ್ಲ.

ಸೊಸೆ ವಾರಿಜ ಆಗಲೇ ತಡ್ಪೆ, ಬೀಡಿ ಕಟ್ಟುವ ಮೊರ, ಮಡಿಲಿಗೆ ಹಾಕಿಕೊಂಡು ಎಲೆ ಕತ್ತರಿಸುತ್ತಿದ್ದಾಳೆ. ಇವತ್ತು ಬೀಡಿ ಬ್ರಾಂಚ್ ತೆರೆಯುವ ದಿನ. ಮೊದಲು ವಾರಕ್ಕೆ ಆರು ದಿನ ಎಲೆ, ಹೊಗೆಸೊಪ್ಪು ಕೊಡುತ್ತಿದ್ದರು. ಈಗ ಸೋಮವಾರ, ಗುರುವಾರ ಮಾತ್ರ.

ಆರೂವರೆಗೆ ಮಣಿಪಾಲದ ವ್ಯಾನ್ ಬಂತು. ಓಣಿಯ ಏಳು ಹೆಂಗಸರು ಹತ್ತಿದರು, ಹಾಸ್ಟೆಲ್ ಗುಡಿಸಿ ಒರೆಸುವ ಕೆಲಸ. ಏಳೂ ಜನ ಒಂದು ಕಾಲಕ್ಕೆ ನಮ್ಮ ಬ್ರಾಂಚಿನವರೇ.

ಜನವರಿ 9, ಗುರುವಾರ. ಸಂಜೆ

ಕೆಮ್ಮು — ಲೆಕ್ಕ ಇಟ್ಟಿಲ್ಲ. ತಲೆ ಕೆಟ್ಟಿದೆ.

ಬ್ರಾಂಚ್ ಮುಚ್ಚುತ್ತಾರೆ. ತಿಂಗಳ ಕೊನೆಗೆ. ವಾರಿಜ ಬೀಡಿ ಕೊಟ್ಟು ಬಂದವಳು ಚಪ್ಪಲಿ ಬಿಚ್ಚದೆ ಹೇಳಿದಳು. ಕಂಪೆನಿಯವರು ಕಾಪುವಿನಲ್ಲಿ ಚೀಲ ಹೊಲಿಯುವ ಶೆಡ್ ಹಾಕುತ್ತಾರಂತೆ. ಬೀಡಿಯವರಿಗೇ ಮೊದಲ ಅವಕಾಶ. ಐವತ್ತರೊಳಗಿನವರಾಗಬೇಕು. ಸ್ವಂತ ಹೆಸರಿನ ಬೀಡಿ ಪುಸ್ತಕ — ಕೊಟ್ಟ ಬೀಡಿಯ ಲೆಕ್ಕ ಬರೆಯುವ ಕಂಪೆನಿಯ ಪುಸ್ತಕ — ಇರಬೇಕು.

"ನಿನಗೆ ನಲವತ್ತನಾಲ್ಕು ಅಲ್ವಾ" ಎಂದೆ.

"ವಯಸ್ಸು ಉಂಟು ಅತ್ತೆ. ಪುಸ್ತಕ ಎಲ್ಲುಂಟು?"

ಅಷ್ಟು ಕೇಳಿ ಒಳಗೆ ಹೋದಳು. ಗಂಜಿಗೆ ನೀರಿಟ್ಟಳು. ಜಗಳ ಮಾಡಿದ್ದರೆ ಒಳ್ಳೆಯದಿತ್ತು.

ಪುಸ್ತಕ ನನ್ನ ಹೆಸರಿನದು. ಕಣ್ಣಿನ ಆಪರೇಷನ್, ಬೆರಳಿನ ನಡುಕ... ಹನ್ನೊಂದು ವರ್ಷದಿಂದ ನಾನು ಒಂದು ಬೀಡಿ ಕಟ್ಟಿಲ್ಲ. ಕಟ್ಟಿದ್ದೆಲ್ಲ ಅವಳು. ಬರೆದದ್ದೆಲ್ಲ ನನ್ನ ಹೆಸರಿಗೆ. ನಮ್ಮ ಕಡೆ ಮನೆಮನೆಯಲ್ಲೂ ಹೀಗೆಯೇ — ಅತ್ತೆಯ ಪುಸ್ತಕ, ಸೊಸೆಯ ಕೈ. ಯಾರೂ ತಪ್ಪೆಂದು ತಿಳಿಯಲಿಲ್ಲ.

ಜನವರಿ 10. ಮಧ್ಯಾಹ್ನ

ಕೂತಲ್ಲಿ ಕೂರಲಿಕ್ಕೆ ಆಗುವುದಿಲ್ಲ. ಬಾವಿಕಟ್ಟೆಗೆ ಹೋದೆ, ಬಂದೆ, ಪುನಃ ಹೋದೆ. ಬೆರಳು ಸುಮ್ಮನಿರುವುದಿಲ್ಲ, ಹಳೆ ಬಸ್ ಟಿಕೆಟ್ ಸುರುಟುತ್ತದೆ.

ವಾರಿಜನಿಗೆ ಹೇಳಿದೆ, ನೀನೂ ಮಣಿಪಾಲದ ವ್ಯಾನ್ ಹತ್ತು ಎಂದು.

"ಇಪ್ಪತ್ತೆರಡು ವರ್ಷ ಕಾಲು ಮಡಚಿ ಕೂರಿಸಿದ್ದೀರಿ. ಈ ಮೊಣಕಾಲು ಹಿಡಿದುಕೊಂಡು ದಿನಾ ನಾಲ್ಕು ಮಾಳಿಗೆ ಹತ್ತಲಿಕ್ಕೆ ಆಗ್ತದಾ ಅತ್ತೆ? ಹೊಲಿಗೆಯಾದರೆ ಕೂತು ಮಾಡುವುದು."

ಬಾಯಿ ಉಂಟು ಅವಳಿಗೆ. ಇಷ್ಟು ವರ್ಷ ಇಲ್ಲವೆಂದು ತಿಳಿದಿದ್ದೆ.

ಟಿವಿಯಲ್ಲಿ ಕೋಟು ಹಾಕಿದವನೊಬ್ಬ — ಜಿಲ್ಲೆ ಬದಲಾಗುತ್ತಿದೆ, ಜನ ಹಳೆ ಕೆಲಸ ಬಿಟ್ಟು ಹೊಸ ಕೆಲಸಕ್ಕೆ ಹೋಗುತ್ತಿದ್ದಾರೆ, ಒಳ್ಳೆಯ ಬೆಳವಣಿಗೆ. ಹೋಗುತ್ತಾರೆ. ಹೆಸರು ಇದ್ದವರು ಹೋಗುತ್ತಾರೆ. ಬಂದ್ ಮಾಡಿದೆ.

ಜನವರಿ 13, ಸೋಮವಾರ

ಕೆಮ್ಮು — ಬೆಳಿಗ್ಗೆ ಮೂರು.

ನಾನೇ ಬ್ರಾಂಚಿಗೆ ಹೋದೆ. ಚೆಕ್ಕರ್ ಅಣ್ಣು ಮೂವತ್ತು ವರ್ಷದಿಂದ ಅದೇ ಸ್ಟೂಲಿನಲ್ಲಿ. ಬೀಡಿಯ ತುದಿ ಮಡಚಿದ್ದನ್ನು ನೋಡಿ ಯಾರ ಕೈ ಎಂದು ಹೇಳುವವ.

"ಎಂತ ಬೇಬಿಯಕ್ಕ, ಸತ್ತವರ ಪಟ್ಟಿಗೆ ಸೇರಿಸಿದ್ದೆ ನಿಮ್ಮನ್ನು."

"ನಿನ್ನ ಹೆಸರು ಮೇಲೆ ಬರೆದುಕೋ ಮಾರಾಯ, ಸಾಲು ತಪ್ಪುವುದು ಬೇಡ. ಈ ಪುಸ್ತಕ ವಾರಿಜನ ಹೆಸರಿಗೆ ಮಾಡಿಕೊಡು."

ಅವನ ನಗು ನಿಂತಿತು. "ಈಗ ಆಗುವುದಿಲ್ಲ. ಆಗ ನಾನೇ ಬಂದು ಕೇಳಿದ್ದೆ. ನೆನಪುಂಟಾ?"

ನೆನಪುಂಟು. ಬರೆಯಲಿಕ್ಕೆ ಮನಸ್ಸಿಲ್ಲ.

ಜನವರಿ 22, ಬುಧವಾರ

ಒಂಬತ್ತು ದಿನ ಬರೆದಿಲ್ಲ. ಕೆಮ್ಮಿದ್ದೇನೆ.

ಸರಿ, ಬರೆಯುತ್ತೇನೆ. ವಾರಿಜ ಮದುವೆಯಾಗಿ ಬಂದ ಮರುವರ್ಷ. ಆಗ ಬೀಡಿಗೆ ಜನ ಸಾಲುತ್ತಿರಲಿಲ್ಲ. ಅಣ್ಣು ಹೊಸ ಪುಸ್ತಕ ಹಿಡಿದುಕೊಂಡು ಮನೆಗೇ ಬಂದ. ಸೊಸೆಯ ಹೆಸರು ಹೇಳಿ ಎಂದ. ಒಂದು ಮನೆಗೆ ಎರಡು ಪುಸ್ತಕ ಯಾಕೆ ಎಂದೆ. ಅವಳು ಬಾಗಿಲಲ್ಲಿ ನಿಂತಿದ್ದಳು, ಕೈ ತುಂಬ ದೋಸೆ ಹಿಟ್ಟು. ಕೇಳಿಸಿಕೊಂಡಳು.

ಪುಸ್ತಕ ಅವಳದಾದರೆ ಮನೆಯಲ್ಲಿ ಅವಳ ಮಾತು ನಡೆಯುತ್ತದೆ ಎಂಬ ಹೆದರಿಕೆ. ಬೇರೆ ಎಂತದೂ ಅಲ್ಲ.

ಆಮೇಲೆ ಹೊಸ ಪುಸ್ತಕ ಕೊಡುವುದನ್ನೇ ನಿಲ್ಲಿಸಿದರು.

ಜನವರಿ 23, ಗುರುವಾರ. ಸಂಜೆ 5

ಇವತ್ತು ಕಂಪೆನಿಯ ಮೆನೇಜರ್ ಜಿತೇಂದ್ರ ಚೀಲದ ಶೆಡ್ಡಿಗೆ ಹೆಸರು ಬರೆಯಲು ಬ್ರಾಂಚಿಗೆ ಬಂದಿದ್ದ. ತಡ್ಪೆ ಹಿಡಿದು ಹೋದೆ. ವಾರಿಜನನ್ನೂ ಎಳೆದುಕೊಂಡು. ಅವನ ಮೇಜಿನ ಎದುರು ನೆಲದ ಮೇಲೆ ಕೂತೆ.

"ಅಮ್ಮ, ಕುರ್ಚಿ ಉಂಟು."

"ಕುರ್ಚಿಯಲ್ಲಿ ಬೀಡಿ ಕಟ್ಟಲಿಕ್ಕೆ ಆಗುವುದಿಲ್ಲ. ನೋಡಿ."

ಕಟ್ಟಿದೆ. ಎಲೆ ಹರಿಯಿತು. ಇನ್ನೊಂದು. ನೂಲು ಜಾರಿತು. ಇಪ್ಪತ್ತು ಹೆಂಗಸರು ನೋಡುತ್ತಿದ್ದರು. ದಿನಕ್ಕೆ ಸಾವಿರ ಕಟ್ಟಿದ ಕೈ ಇದು. ಐದು ಬೀಡಿಗೆ ಅರ್ಧ ಗಂಟೆ ಹಿಡಿಯಿತು. ಅಣ್ಣುವಿನ ಮುಂದೆ ಇಟ್ಟೆ. ಅವನು ನನ್ನ ಮುಖ ನೋಡಲಿಲ್ಲ. ಐದನ್ನೂ ಆಗದ ಬೀಡಿಯ ಬುಟ್ಟಿಗೆ ಹಾಕಿದ.

"ಈಗ ನನ್ನ ಪುಸ್ತಕಕ್ಕೆ ಇವತ್ತು ಬಂದ ಕಟ್ಟು ನೋಡು. ಯಾರ ಕೈ?"

"ವಾರಿಜನದ್ದು." ಕಟ್ಟನ್ನು ಮೇಜಿನ ಮೇಲಿಟ್ಟು, "ಹನ್ನೊಂದು ವರ್ಷದಿಂದ ವಾರಿಜನದ್ದೇ."

ಮೆನೇಜರ್ ಪೆನ್ನು ಕೆಳಗಿಟ್ಟ. "ಇದು ಕಾಗದಕ್ಕೆ ಬಂದರೆ, ನೀವು ಕಟ್ಟಿದ್ದಲ್ಲವೆಂದು ನಿಮ್ಮ ಪಿ.ಎಫ್. ತಡೆ ಹಿಡಿದಾರು ಅಮ್ಮ. ಗೊತ್ತುಂಟಲ್ಲ?"

"ಗೊತ್ತುಂಟು. ಇವಳ ಹೆಸರು ಬರೆಯಿರಿ."

"ನನ್ನ ಕೈಯಲ್ಲಿಲ್ಲ. ನೀವು ಬರೆದು ಕೊಡಿ, ಮೇಲೆ ಕಳಿಸುತ್ತೇನೆ."

ಪುನಃ ಬರೆಯುವುದು.

ಬಸ್ ಸ್ಟ್ಯಾಂಡಿನಲ್ಲಿ ವಾರಿಜ ನನ್ನ ಕೈಯಿಂದ ತಡ್ಪೆ ತೆಗೆದುಕೊಂಡಳು.

"ಎಷ್ಟು ಕೆಟ್ಟದಾಗಿ ಕಟ್ಟಿದಿರಿ ಅತ್ತೆ."

"ಬೇಕೆಂದೇ ಹಾಗೆ ಕಟ್ಟಿದ್ದು" ಎಂದೆ. ಸುಳ್ಳು. ಅವಳಿಗೂ ಗೊತ್ತು.

ಜನವರಿ 31, ಶುಕ್ರವಾರ

ನಿನ್ನೆ ಬ್ರಾಂಚಿಗೆ ಬೀಗ ಬಿತ್ತು. ಅಣ್ಣು ಸ್ಟೂಲು ಹೆಗಲಿಗೇರಿಸಿಕೊಂಡು ಮನೆಗೆ ಹೋದನಂತೆ. ಬಾಗಿಲಿಗೆ ಕಾಪುವಿನ ಪಟ್ಟಿ ಅಂಟಿಸಿದ್ದಾರೆ. ಹದಿನಾಲ್ಕು ಹೆಸರು. ವಾರಿಜ ಇಲ್ಲ. ಕೆಲಸ ಸುರುವಾಗುವುದು ಫೆಬ್ರವರಿ ಹನ್ನೆರಡಕ್ಕೆ.

ಒಂದು ವಾರದಿಂದ ಕಾಗದ ಬರೆಯದೆ ಕೂತಿದ್ದೇನೆ. ಪಿ.ಎಫ್. ನೆನಪಾಗುತ್ತದೆ. ಬಾಡಿಗೆ ಸಿಕ್ಕಿದ ದಿನ ಮಾತ್ರ ಓಡುವ ಮಗನ ಟೆಂಪೋ ನಂಬಿ ಕೂರಲಿಕ್ಕೆ ಆಗುವುದಿಲ್ಲ. ವಾರಿಜ ಒಮ್ಮೆಯೂ ಕೇಳಲಿಲ್ಲ. ಇವತ್ತು ಬೆಳಿಗ್ಗೆ ಎದ್ದು, ಎಲೆ ಇಲ್ಲದ ತಡ್ಪೆಯನ್ನು ಒರೆಸಿ ಗೋಡೆಗೆ ಒರಗಿಸಿದಳು.

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ

ಕೆಮ್ಮು — ಒಂದು.

ಮೊದಲು ಇಲ್ಲಿ ಬರೆದು ನೋಡುತ್ತೇನೆ. ಆಮೇಲೆ ಒಳ್ಳೆಯ ಹಾಳೆಗೆ.

ಮೆನೇಜರರಿಗೆ. ನಾನು ಬೇಬಿ, ಬೆಳ್ಮಣ್ಣಿನವಳು. ಪುಸ್ತಕ ನನ್ನದು. ಹನ್ನೊಂದು ವರ್ಷದ ಬೀಡಿ ನನ್ನದಲ್ಲ. ಅದಕ್ಕೂ ಹಿಂದಿನ ಹನ್ನೊಂದು ವರ್ಷದ್ದರಲ್ಲಿ ಅರ್ಧ ನನ್ನದಲ್ಲ. ಅದೆಲ್ಲ ನನ್ನ ಸೊಸೆ ವಾರಿಜ ಕಟ್ಟಿದ್ದು. ಎರಡನೇ ಪುಸ್ತಕ ಬೇಡವೆಂದದ್ದು ನಾನು. ಅವಳನ್ನು ಯಾರೂ ಕೇಳಲಿಲ್ಲ. ನನ್ನ ಪಿ.ಎಫ್. ತಡೆಯುವುದಾದರೆ ತಡೆಯಿರಿ. ಕಾಪುವಿನ ಪಟ್ಟಿಗೆ ಅವಳ ಹೆಸರು ಸೇರಿಸುತ್ತೀರೋ ಇಲ್ಲವೋ, ಬರೆದು ತಿಳಿಸಿ. ಮೇಲೆ ಕಳಿಸಿದೆ, ಕೆಳಗೆ ಬರಲಿಲ್ಲ ಎಂದು ಹೇಳಬೇಡಿ. ಫೆಬ್ರವರಿ ಹತ್ತರೊಳಗೆ ಉತ್ತರ ಬೇಕು.