ಈ ವರ್ಷ ಸಾಕ್ಷಿ ಹಾಕಬೇಡ

ಚಿ. ಸೌ. ಸೊಸೆಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ಮಗಳು, ಅಳಿಯ, ಮೊಮ್ಮಗು ಎಲ್ಲರೂ ಕ್ಷೇಮ. ನಾನು ಪರದೇಶದಲ್ಲಿದ್ದರೂ ನಿನ್ನ ಮಾವನ ಪಿಂಚಣಿ ತಪ್ಪದೆ ಬರುತ್ತಿರುವುದು ನಿನ್ನ ಓಡಾಟದಿಂದ. ಪ್ರತಿ ವರ್ಷ ಕಚೇರಿಗೆ ಹೋಗಿ, ನಾನು ಬದುಕಿದ್ದೇನೆ, ಮರುಮದುವೆ ಆಗಿಲ್ಲ ಎಂಬ ಪತ್ರಕ್ಕೆ ಸಾಕ್ಷಿ ಹಾಕುತ್ತೀಯ. "ಏನಮ್ಮಾ, ನಿಮ್ಮತ್ತೆಗೆ ಇನ್ನೂ ಗಂಡು ಸಿಕ್ಕಿಲ್ವಾ?" ಎಂದು ಗುಮಾಸ್ತ ಕೇಳಿದ್ದನ್ನು ನೀನು ಫೋನಿನಲ್ಲಿ ಹೇಳಿದಾಗ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ಈ ಸಲ ಸಾಕ್ಷಿ ಹಾಕಬೇಡ, ತಾಯಿ. ಕೆಳಗಿನ ಮನೆಯ ಗಡಿಯಾರ ರಿಪೇರಿಯವರನ್ನು ಮದುವೆಯಾಗಿದ್ದೇನೆ. ಹೋದ ತಿಂಗಳು ಕಚೇರಿಯೊಂದರಲ್ಲಿ ಇಬ್ಬರೂ ಸಹಿ ಹಾಕಿ ಬಂದೆವು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಇದೇನು ಎಂದು ಉಗಿಯಬೇಡ. ನಿನ್ನ ಪಾಲಿನದನ್ನೂ ನಾನೇ ಉಗಿದುಕೊಂಡಿದ್ದೇನೆ. ಪಿಂಚಣಿ ನಿಲ್ಲಿಸುವ ಅರ್ಜಿ ಇದರ ಜೊತೆಗಿದೆ. ಗುಮಾಸ್ತ ನಕ್ಕರೆ ನೀನು ತಲೆ ತಗ್ಗಿಸಬೇಡ. ಅದಕ್ಕೆ ನಾನಿದ್ದೇನೆ.

ಮಗನಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ. ನೀನೇ ಹೇಳು, ಅವನ ಊಟವಾದ ಮೇಲೆ. "ಅಮ್ಮ ಅಪ್ಪನ್ನ ಮರೆತೇಬಿಟ್ಲಾ?" ಎಂದು ಕೇಳಿಯೇ ಕೇಳುತ್ತಾನೆ. ಅವನ ಅಪ್ಪನ ಫೋಟೋ ಕೆಳಗಿನ ಮನೆಯ ಗೋಡೆಯ ಮೇಲಿದೆ ಅನ್ನು. ಮೊಳೆ ಹೊಡೆದವರು ಇವರೇ.

ಮುಖ ತೋರಿಸಲಾಗದ
ನಿನ್ನ ಅತ್ತೆ