ಯಾರೂ ಪೂಜಿಸದ ಕಲ್ಲು

ಮಲ್ಲೇಶ್ವರಂ

ಅಭಿನಂದನ್,

ನಿನ್ನೆ ಕೋರ್ಟಿಗೆ ನೀನು ಬರಲಿಲ್ಲ, ನಾನು ಹೋಗಿದ್ದೆ. ನಮ್ಮ ಸೈಟಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಅನುಮತಿ ಇರಲಿ, ಅಲ್ಲಿರುವ ನಾಗರಕಟ್ಟೆಯನ್ನು ಎಲ್ಲರಿಗೂ ತೆರೆದಿಡಬೇಕೆಂಬ ಅದರ ಷರತ್ತು ಮಾತ್ರ ರದ್ದಾಗಲಿ ಎಂದು ನಿನ್ನ ವಕೀಲರು ವಾದಿಸಿದರು. "ಷರತ್ತು ತೆಗೆದ್ರೆ ಅನುಮತೀನೂ ಹೋಗುತ್ತೆ, ಆಗಬಹುದಾ?" ಎಂದರು ಜಡ್ಜ್. ವಕೀಲರು ತೆಪ್ಪಗೆ ಅರ್ಜಿ ವಾಪಸ್ ಪಡೆದರು.

ನಿನ್ನ ಅಫಿಡವಿಟ್ಟನ್ನೂ ಅಲ್ಲಿ ಓದಿದರು. "ಅದು ಯಾರೂ ಪೂಜಿಸದ ಕಲ್ಲು" ಎಂದು ಸಹಿ ಹಾಕಿದ್ದೀಯ. ಕೇಳಿ ಹೇಸಿಗೆಯಾಯಿತು. ಗಂಡುಮಗು ಬೇಕೆಂದು ಅಮ್ಮ ಹರಕೆ ಹೊತ್ತು ಪ್ರತಿಷ್ಠೆ ಮಾಡಿಸಿದ ಕಲ್ಲು ಅದು. ಮರುವರ್ಷವೇ ನೀನು ಹುಟ್ಟಿದೆ.

ಕಟ್ಟೆಯ ಮೇಲೆ ಪೇರಿಸಿರುವ ಸಿಮೆಂಟ್ ಮೂಟೆಗಳನ್ನು ನಾಗರಪಂಚಮಿಯೊಳಗೆ ತೆಗೆಸು. ನಾನು ಹುಟ್ಟಲೆಂದು ಯಾರೂ ಹರಕೆ ಹೊರಲಿಲ್ಲ. ಆದರೂ ಪ್ರತಿವರ್ಷ ಹಾಲು ತರುವವಳು ನಾನೇ.

ನಿನ್ನ ಅಕ್ಕ,
ಯಮುನಾ